ದೇವರಿದ್ದ ನಾಣ್ಯಕ್ಕೆ ದರ್ಜೆ

ನಮ್ಮ ಮನೆಯವರ ಕಣ್ಣಿಗೆ ಪೊರೆ ಬಂದಿದೆ ಅಂತ ನನಗೆ ಗೊತ್ತಾದದ್ದು ಅವರ ಹಣೆಯಿಂದ. ನಾವು ಮಾಧ್ವರು. ದಿನಾ ಪೂಜೆಯಾದ ಮೇಲೆ ಗಂಡಸರು ಹಣೆಯ ನಡುವೆ ಅಂಗಾರದ ಕಪ್ಪು ಗೆರೆ ಎಳೆದುಕೊಳ್ಳುತ್ತಾರೆ. ನಾನು ಮದುವೆಯಾಗಿ ಮೈಸೂರಿನಿಂದ ಮದರಾಸಿಗೆ ಬಂದ ದಿನದಿಂದ ನೋಡುತ್ತಿದ್ದ ಆ ಗೆರೆ, ಮೇಸ್ತ್ರಿ ತೂಗುಗುಂಡು ಬಿಟ್ಟ ಹಾಗೆ ನೆಟ್ಟಗಿರುತ್ತಿತ್ತು. ಊರಿಗೆ ಚೆನ್ನೈ ಅಂತ ಹೆಸರಾದ ಒಂದೆರಡು ವರ್ಷಕ್ಕೆ ಅದು ಎಡ ಹುಬ್ಬಿನ ಕಡೆಗೆ ವಾಲತೊಡಗಿತು. ಒರೆಸಿ ಸರಿ ಮಾಡೋಣವೆಂದರೆ ಅವರು ಮಡಿ, ಮುಟ್ಟುವ ಹಾಗಿಲ್ಲ. ಹೇಳೋಣವೆಂದರೆ ಅವರು ಕೇಳುವ ಪೈಕಿ ಅಲ್ಲ. ಗೆರೆ ತನ್ನ ಪಾಡಿಗೆ ತಾನು ವಾಲಿತು.

ಅವರ ಪ್ರಕಾರ ತಪ್ಪು ಕರೆಂಟಿನದು. ವೋಲ್ಟೇಜೇ ಇಲ್ಲ ಅಂತ ಹಾಲಿನ ಬಲ್ಬನ್ನು ದೊಡ್ಡದು ಮಾಡಿಸಿದರು, ಆಮೇಲೆ ಅದಕ್ಕಿಂತ ದೊಡ್ಡದು. ಅದೂ ಸಾಲದೆ ಹೋದಾಗ ತಪ್ಪು ಪತ್ರಿಕೆಯವರದಾಯಿತು, ಮಸಿ ಉಳಿಸುತ್ತಿದ್ದಾರೆ ಅಂದರು. ನಮ್ಮ ಮಗಳು ಆಗ ಕಾಲೇಜಿನಲ್ಲಿದ್ದಳು. ಅವಳಿಗೆ ಕನ್ನಡ ಪೂರ್ತಿ ಅರ್ಥವಾಗುತ್ತದೆ, ಉತ್ತರ ಮಾತ್ರ ತಮಿಳಿನಲ್ಲಿ. “ಅಪ್ಪಾವುಕ್ಕು ಕಣ್ಣು ತೆರಿಯಲೆಮ್ಮಾ” ಅಂದಳು ಒಂದು ದಿನ. ಅಪ್ಪನಿಗೆ ಕಣ್ಣು ಕಾಣಿಸುತ್ತಿಲ್ಲ ಅಂತ.

“ಅಡಿಗೆಮನೆಯಲ್ಲಿ ಹೇಳು, ಹಾಲಿನಲ್ಲಿ ಹೇಳಬೇಡ” ಅಂದೆ.

ಹಾಲಿನಲ್ಲಿ ಹೇಳಬಾರದ್ದಕ್ಕೆ ಕಾರಣವಿತ್ತು. ನಮ್ಮ ಮನೆಯವರು ಹಳೇ ನಾಣ್ಯಗಳನ್ನು ನೋಡಿ ಅವುಗಳ ದರ್ಜೆ ಹೇಳುವವರು. ನಾಣ್ಯ ಕೂಡಿಡುವವರ ಸಂಘವೊಂದಿತ್ತು. ಅದರಲ್ಲಿ ಇವರ ಮಾತೆಂದರೆ ಮಾತು. ಕೋಡಂಬಾಕ್ಕಂ ಸ್ಟೇಷನ್ನಿನ ಹತ್ತಿರದ ನಮ್ಮ ಬಾಡಿಗೆ ಮನೆಗೆ ಭಾನುವಾರ ಬಂದರೆ ಬಾಗಿಲ ಮುಂದೆ ಚಪ್ಪಲಿಗಳ ರಾಶಿ. ಇವರು ಆಫೀಸಿನಿಂದ ನಿವೃತ್ತರಾದ ಮೊದಲ ತಿಂಗಳು ನಾನು ಕಂಡಿದ್ದೆ: ಮಾಡಲು ಏನೂ ಇಲ್ಲದೆ ಅಡಿಗೆಮನೆಗೆ ಬಂದು ನನ್ನ ಸಾಸಿವೆ ಡಬ್ಬಿಗೆ, ಮೆಂತ್ಯದ ಡಬ್ಬಿಗೆ ದರ್ಜೆ ಹೇಳುತ್ತಿದ್ದರು. ಸಾಸಿವೆಗೆ ಕಡಿಮೆ ಬಂತು. ಆಮೇಲೆ ಭಾನುವಾರದವರು ಹೆಚ್ಚಾದರು, ಇವರು ಹಾಲಿಗೆ ಹಿಂತಿರುಗಿದರು. ಆ ಚಪ್ಪಲಿಗಳನ್ನು ನೋಡಿ ನಾನು ದೇವರಿಗೆ ಕೈ ಮುಗಿದದ್ದುಂಟು. ಕಣ್ಣು ಕಾಣದವನಿಗೆ ಯಾರು ನಾಣ್ಯ ತಂದು ತೋರಿಸುತ್ತಾರೆ?

ಈ ದರ್ಜೆಯ ವಿಷಯವನ್ನು ಸ್ವಲ್ಪ ಹೇಳಬೇಕು. ಅಚ್ಚಿನಿಂದ ಬಿದ್ದ ದಿನ ಹೇಗಿತ್ತೋ ಹಾಗೇ ಇರುವ ನಾಣ್ಯ ಎಲ್ಲಕ್ಕಿಂತ ಮೇಲು. ಯಾರ ಕೈಯೂ ಅದಕ್ಕೆ ತಾಗಿರಬಾರದು. ಅದರ ಕೆಳಗೆ ‘ಎಕ್ಸ್‌ಟ್ರೀಮ್ಲಿ ಫೈನ್’, ಅದರ ಕೆಳಗೆ ‘ವೆರಿ ಫೈನ್’, ಆಮೇಲೆ ಬರೀ ‘ಫೈನ್’. ಫೈನ್ ಅಂದರೆ ಸವೆದಿದೆ ಅಂತ. ಅದಕ್ಕೂ ಕೆಳಗೆ ‘ಗುಡ್’. ಗುಡ್ ಅಂದರೆ ಇನ್ನು ಆಸೆ ಬಿಟ್ಟುಬಿಡಿ ಅಂತ. ಇಂಗ್ಲಿಷಿನವರು ಮರ್ಯಾದಸ್ಥರು, ಕೆಟ್ಟದ್ದನ್ನು ಬಾಯಿಬಿಟ್ಟು ಹೇಳುವುದಿಲ್ಲ ಅಂತ ನನಗೆ ಅನ್ನಿಸಿತ್ತು. ನಾಣ್ಯವನ್ನು ಅಂಚಿನಲ್ಲೇ ಹಿಡಿಯಬೇಕು, ಮುಖಕ್ಕೆ ಬೆರಳು ಸೋಕಿಸಬಾರದು, ತೊಳೆಯಲಂತೂ ಕೂಡದು. ಹೆಚ್ಚು ಕಡಿಮೆ ಮಡಿಯೇ. ಆ ನಿಯಮಗಳು ನನಗೆ ಕಷ್ಟವೆನಿಸಲಿಲ್ಲ.

ನಾನು ನಾಣ್ಯ ನೋಡಲು ಶುರು ಮಾಡಿದ್ದು ಹೀಗೆ. ಒಂದು ಭಾನುವಾರ ಯಾರೋ ತಂದ ಬೆಳ್ಳಿ ರೂಪಾಯಿಯನ್ನು ಇವರು ಬಹಳ ಹೊತ್ತು ತಿರುಗಿಸಿ, “ಇಟ್ಟು ಹೋಗಿ, ನಾಳೆ ಹೇಳ್ತೀನಿ. ಬೆಳಗಿನ ಬಿಸಿಲಲ್ಲಿ ನೋಡಬೇಕು. ಟ್ಯೂಬ್‌ಲೈಟಲ್ಲಿ ದರ್ಜೆ ಹೇಳೋನು ನಾನಲ್ಲ” ಅಂದರು. ಬಂದವರಿಗೆ ಇವರ ಮೇಲಿನ ಗೌರವ ಇನ್ನಷ್ಟು ಹೆಚ್ಚಾಯಿತು. ಮರುದಿನ ಬೆಳಿಗ್ಗೆ ಪೂಜೆ, ಊಟ ಮುಗಿಸಿ ಕಿಟಕಿಯ ಹತ್ತಿರ ಕೂತು ನನ್ನನ್ನು ಕರೆದರು. “ನಿನಗೂ ಸ್ವಲ್ಪ ಕಲಿಸೋಣ ಅಂತ” ಅಂದರು. ಇಪ್ಪತ್ತೈದು ವರ್ಷದ ಸಂಸಾರದಲ್ಲಿ ಆವರೆಗೂ ಕಲಿಸೋಣ ಅಂತ ಅವರಿಗೆ ಅನ್ನಿಸಿರಲಿಲ್ಲ. ನಾನು ಭೂತಗನ್ನಡಿ ತೆಗೆದುಕೊಂಡೆ. ಅವರು ಕಣ್ಣಿನ ಮಾತೆತ್ತಲಿಲ್ಲ, ನಾನೂ ಎತ್ತಲಿಲ್ಲ.

“ದೊರೆಯ ಹುಬ್ಬು ಹೇಗಿದೆ?”

“ಇದೆ.”

“ಇದೆ ಅಂದರೆ? ಕೂದಲು ಕೂದಲಾಗಿದೆಯೋ, ಬಳಿದ ಹಾಗಿದೆಯೋ?”

“ಬಳಿದ ಹಾಗೆ. ಪಕ್ಕದ ಮನೆಯವರು ಪೆನ್ಸಿಲಲ್ಲಿ ತೀಡಿಕೊಳ್ತಾರಲ್ಲ, ಹಾಗೆ.”

“ಪಕ್ಕದ ಮನೆಯವರು ಬೇಡ. ಕಿವಿ?”

“ಕಿವಿಯ ಸುತ್ತು ಇದೆ, ಒಳಗೆ ತುಂಬಿಕೊಂಡಿದೆ. ಹೂರಣ ಜಾಸ್ತಿಯಾದ ಕಡುಬಿನ ಹಾಗೆ.”

“ಕೆನ್ನೆ?”

“ನುಣ್ಣಗೆ.”

“ಕಿರೀಟದ ಮಣಿ?”

“ಎಣಿಸಬಹುದು. ಎಣಿಸಲಾ?”

“ಬೇಡ. ವೆರಿ ಫೈನ್.”

ಸುಮಾರು ಒಂದು ವರ್ಷ ಹೀಗೇ ನಡೆಯಿತು. ನನಗೆ ದರ್ಜೆ ಹೇಳಲು ಬರುತ್ತಿರಲಿಲ್ಲ, ಈಗಲೂ ಬರುವುದಿಲ್ಲ. ಕಂಡದ್ದನ್ನು ಹೇಳುತ್ತಿದ್ದೆ. ದೊರೆ, ರಾಣಿ, ಆನೆ, ಹುಲಿ ಎಲ್ಲರ ಮೂಗು, ಕಿವಿ, ಬಾಲಗಳನ್ನೂ ವಿಚಾರಿಸಿದೆ. ಆಮೇಲೆ ಮುಸುರೆ ಪಾತ್ರೆ ತೊಳೆಯಲು ಒಳಗೆ ಹೋಗುತ್ತಿದ್ದೆ. ಸಂಘದಲ್ಲಿ ಇವರ ಹೆಸರು ಮೊದಲಿಗಿಂತ ಮೇಲೇರಿತು. ಬಿಸಿಲಿಲ್ಲದೆ ನಾಣ್ಯ ಮುಟ್ಟದ ಮನುಷ್ಯ ಅಂತ.

ಆದರೆ ಬಿಸಿಲಿಗೂ ಮಿತಿಯಿದೆ. ಇವರು ಆರ್ಕಾಡ್ ರಸ್ತೆಯನ್ನು ಬಸ್ಸಿನ ಸದ್ದು ಕೇಳಿ ದಾಟುತ್ತಿದ್ದರು. ದೇವರ ಮುಂದೆ ತುಳಸಿ ತಟ್ಟೆಯ ಆಚೆ ಬೀಳುತ್ತಿತ್ತು. ಕನ್ನಡಕದ ಪವರ್ ನೋಡಿಸೋಣ ಅಂತ ಸುಳ್ಳು ಹೇಳಿ ನಾನೂ ಮಗಳೂ ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆವು. ಎರಡು ಕಣ್ಣಿಗೂ ಪೊರೆ, ಬಲಗಣ್ಣಿನದು ಪೂರ್ತಿ ಬಲಿತಿದೆ, ಆಪರೇಷನ್ ಮಾಡಲೇಬೇಕು ಅಂದರು ಡಾಕ್ಟರು. ಇವರು ಎರಡೇ ಪ್ರಶ್ನೆ ಕೇಳಿದರು.

“ತಲೆಗೆ ಸ್ನಾನ?”

“ಒಂದು ತಿಂಗಳು ಬೇಡ. ಕುತ್ತಿಗೆ ಕೆಳಗೆ ಎಷ್ಟು ಬೇಕಾದರೂ ಮಾಡಿ.”

“ಬಗ್ಗಿ ನಮಸ್ಕಾರ?”

“ಕೂಡದು.”

ಇವರು ಎದ್ದು ಮನೆಗೆ ಬಂದರು.

ನಮ್ಮ ಮನೆಯಲ್ಲಿ ಒಂದು ಸಾಲಿಗ್ರಾಮವಿದೆ. ಇವರ ಅಜ್ಜನ ಕಾಲದಿಂದ ಅದಕ್ಕೆ ಒಂದು ದಿನವೂ ಪೂಜೆ ತಪ್ಪಿಲ್ಲ. ತಲೆಗೆ ಸ್ನಾನವಿಲ್ಲದೆ ಅದನ್ನು ಮುಟ್ಟುವ ಹಾಗಿಲ್ಲ. ಹೆಂಗಸರು ನಾವು ಹೇಗೂ ಮುಟ್ಟುವ ಹಾಗಿಲ್ಲ. ನಮಗೆ ಗಂಡು ಮಕ್ಕಳಿಲ್ಲ. ದೇವರಿಗೆ ನೈವೇದ್ಯವಾಗದೆ ಮನೆಯಲ್ಲಿ ಯಾರೂ ಉಣ್ಣುವ ಹಾಗಿಲ್ಲ. ಎಲ್ಲ ಕಡೆಯಿಂದಲೂ ಬಾಗಿಲು ಹಾಕಿತ್ತು.

“ಒಂದು ತಿಂಗಳು ಮಠದಲ್ಲಿ ಇಟ್ಟು ಬರೋಣ. ಅವರು ಪೂಜೆ ಮಾಡ್ತಾರೆ” ಅಂದೆ.

“ದೇವರನ್ನ ಹಾಸ್ಟೆಲಿಗೆ ಹಾಕ್ತೀಯಾ?” ಅಂದರು.

ಅಲ್ಲಿಗೆ ಆ ಮಾತು ಮುಗಿಯಿತು. ನಾನು ದೇವರಿಗೇ ಹೇಳಿಕೊಂಡೆ: ನಿನ್ನ ನೆಪ ಹೇಳಿ ಇವರು ಕುರುಡರಾಗುತ್ತಿದ್ದಾರೆ, ನೀನೇ ಏನಾದರೂ ಮಾಡು. ದೇವರಿಗೆ ನಾನು ಸಾಮಾನ್ಯವಾಗಿ ಇಷ್ಟು ಸ್ಪಷ್ಟವಾಗಿ ಹೇಳುವುದಿಲ್ಲ.

ಭಾನುವಾರ ತಪ್ಪದೆ ಬರುವವರಲ್ಲಿ ಒಬ್ಬರು ತಾಂಬರದಿಂದ ಎಲೆಕ್ಟ್ರಿಕ್ ಟ್ರೈನಿನಲ್ಲಿ ಬರುತ್ತಿದ್ದರು. ರೈಲ್ವೆಯಲ್ಲಿದ್ದು ನಿವೃತ್ತರಾದವರು, ನಮ್ಮವರೇ, ಮೂರು ತಲೆಮಾರಿನಿಂದ ಮದರಾಸಿನಲ್ಲೇ ಇದ್ದವರು. ನಾವು ಅವರನ್ನು ತಾಂಬರದವರು ಅಂತಲೇ ಕರೆಯುತ್ತಿದ್ದೆವು. ಅವರ ಕನ್ನಡದಲ್ಲಿ ಅರ್ಧ ತಮಿಳು. ಬಾಗಿಲಿನಿಂದಲೇ, “ಏನು ಅತ್ತಿಗೆ, ಕಾಫಿ ವಾಸನೆ ಕೆಳಗೆ ಮಾಡಿಪ್ಪಡಿವರೆಗೂ ಬಂತು” ಅನ್ನುತ್ತಿದ್ದರು. ಮೆಟ್ಟಿಲಿಗೆ ಅವರಿಗೆ ಕನ್ನಡದ ಮಾತು ನಾಲಿಗೆಗೆ ಬರುತ್ತಿರಲಿಲ್ಲ. ಒಂದು ಭಾನುವಾರ ಅವರು ಮೂಗುತಿಯ ಡಬ್ಬಿಯಷ್ಟು ಸಣ್ಣ ಡಬ್ಬಿಯಲ್ಲಿ ಹತ್ತಿಯ ಮೇಲೆ ಒಂದು ಚಿನ್ನದ ನಾಣ್ಯ ತಂದರು. ವಿಜಯನಗರದ ಕಾಲದ್ದು, ಹುರಿಗಡಲೆಗಿಂತ ಸ್ವಲ್ಪ ಅಗಲ. ಅವರ ತಾಯಿಯ ಕಡೆಯಿಂದ ಬಂದದ್ದಂತೆ. ಸಂಘದವರು ವರ್ಷಕ್ಕೊಮ್ಮೆ ಪ್ರದರ್ಶನ ಮಾಡುತ್ತಿದ್ದರು, ಅಲ್ಲಿ ಇಡಬೇಕು, ಪಕ್ಕದ ಕಾರ್ಡಿನಲ್ಲಿ ದರ್ಜೆ ಹಾಕಬೇಕು. ಪ್ರದರ್ಶನದಲ್ಲಿ ತೀರ್ಪುಗಾರರ ಕುರ್ಚಿ ಯಾವಾಗಲೂ ನಮ್ಮ ಮನೆಯವರದೇ.

“ಬಿಸಿಲಲ್ಲಿ ನೋಡಿ ಹೇಳ್ತೀನಿ” ಅಂದರು ಇವರು.

ಮರುದಿನ ನಾನು ಡಬ್ಬಿ ತೆರೆದೆ. ಭೂತಗನ್ನಡಿ ಹಿಡಿದು ನೋಡಿದರೆ ಲಕ್ಷ್ಮೀನಾರಾಯಣರು ಜೋಡಿಯಾಗಿ ಕೂತಿದ್ದಾರೆ. ನಾನು ಡಬ್ಬಿ ಮುಚ್ಚಿ, ಎದ್ದು ಹೋಗಿ ಕೈಕಾಲು ತೊಳೆದು ಬಂದು ಮತ್ತೆ ತೆರೆದೆ. ಅಂಚಿನಲ್ಲಿ ಹಿಡಿದು ಎರಡು ಕಣ್ಣಿಗೂ ಒತ್ತಿಕೊಂಡೆ.

“ಏನು ಮಾಡ್ತಿದೀಯ?” ಅಂದರು ಇವರು.

“ನೋಡ್ತಿದೀನಿ.”

“ಸ್ವಾಮಿಯ ಕೈ?”

“ಶಂಖ ಚಕ್ರ ಎರಡೂ ಇವೆ.”

“ಅಮ್ಮನವರು?”

“ಎಡ ತೊಡೆಯ ಮೇಲೆ ಕೂತಿದ್ದಾರೆ.”

“ಮುಖ?”

ಮುಖವಿದ್ದ ಕಡೆ ಎರಡು ನುಣುಪಾದ ಸಬ್ಬಕ್ಕಿ ಕಾಳಿನ ಹಾಗೆ ಇತ್ತು. ಅದನ್ನು ಮುಖವಲ್ಲ ಅಂತ ನಾನು ಹೇಗೆ ಹೇಳಲಿ? ನಾನು ಹುಟ್ಟಿದಾಗಿನಿಂದ ಕೈ ಮುಗಿದ ದೇವರುಗಳಲ್ಲಿ ಅರ್ಧಕ್ಕರ್ಧ ಹೀಗೇ ಇವೆ. ನಮ್ಮ ಮನೆಯ ಸಾಲಿಗ್ರಾಮಕ್ಕೆ ಮೂಗಿಲ್ಲ, ಬಾಯಿಲ್ಲ. ನಮ್ಮ ತವರಿನ ಬೀದಿಯ ಅಮ್ಮನ ಗುಡಿಯಲ್ಲಿ ಅಲಂಕಾರ ತೆಗೆದರೆ ಒಂದು ದುಂಡು ಕಲ್ಲು. ದೊರೆಯ ಕೆನ್ನೆ ಸವೆದಿದೆ ಅಂದರೆ ದೊರೆಗೆ ಏನೂ ಆಗುವುದಿಲ್ಲ, ಅವನು ಸತ್ತು ಎಷ್ಟೋ ಕಾಲವಾಯಿತು. ಲಕ್ಷ್ಮಿಯ ಮುಖ ಅಳಿಸಿಹೋಗಿದೆ ಅಂತ, ಅದೂ ದೀಪ ಹಚ್ಚುವ ಮನೆಯಲ್ಲಿ, ಮುತ್ತೈದೆಯ ಬಾಯಲ್ಲಿ ಬರಬಹುದೇ?

“ಲಕ್ಷಣವಾಗಿದೆ” ಅಂದೆ.

“ಇಬ್ಬರದೂ?”

“ಇಬ್ಬರದೂ. ಒಳ್ಳೇ ಕಳೆ ಇದೆ.”

“ಎಕ್ಸ್‌ಟ್ರೀಮ್ಲಿ ಫೈನ್” ಅಂದರು ಇವರು, ತೃಪ್ತಿಯಿಂದ.

ಪ್ರದರ್ಶನ ಆಡಿ ತಿಂಗಳಿನಲ್ಲಿ, ಹೆಚ್ಚು ಕಡಿಮೆ ನಮ್ಮ ಆಷಾಢದಲ್ಲಿ. ಆಡಿಯಲ್ಲಿ ತಮಿಳರು ಮದುವೆ ಮಾಡುವುದಿಲ್ಲವಾದ್ದರಿಂದ ಕಲ್ಯಾಣ ಮಂಟಪಗಳು ಖಾಲಿ ಬಿದ್ದಿರುತ್ತವೆ, ನಾಣ್ಯದವರಿಗೂ ಸಿಗುತ್ತವೆ. ಶುಕ್ರವಾರ ಶುರುವಾಗಿ ಭಾನುವಾರ ಮುಗಿಯುವುದು. ತೀರ್ಪಿನ ಕೆಲಸ ಭಾನುವಾರದ್ದು, ಹಾಗಾಗಿ ಶುಕ್ರವಾರ ಇವರು ಮನೆಯಲ್ಲೇ ಇದ್ದರು. ಭಾನುವಾರ ಏನು ಮಾಡುತ್ತಾರೋ ಅಂತ ನನಗೆ ಚಿಂತೆ. ಕಲ್ಯಾಣ ಮಂಟಪದಲ್ಲಿ ಬಿಸಿಲಿಲ್ಲ. ಸಾಯಂಕಾಲ ದೀಪ ಹಚ್ಚಿ ಬರುವ ಹೊತ್ತಿಗೆ ತಾಂಬರದವರು ಬಾಗಿಲಲ್ಲಿ ನಿಂತಿದ್ದರು. ಕಾಫಿ ವಾಸನೆಯ ಮಾತೇ ಇಲ್ಲ.

“ಬನ್ನಿ, ಕೂತುಕೊಳ್ಳಿ” ಅಂದರು ಇವರು ದನಿ ಕೇಳಿ.

“ಕೂರ್ತೀನಿ ರಾಯರೇ. ಮೊದಲು ಆ ಗೋಡೆ ಮೇಲಿನ ಕ್ಯಾಲೆಂಡರ್ ನೋಡಿ ಇವತ್ತು ಏನು ಅಂತ ಹೇಳಿ.”

ನಮ್ಮಲ್ಲಿ ದಿನಕ್ಕೊಂದು ಹಾಳೆ ಹರಿಯುವ ಕ್ಯಾಲೆಂಡರ್. ಅಂಗೈಯಷ್ಟು ದೊಡ್ಡ ಅಂಕಿ. ಇವರು ಆ ಕಡೆ ತಿರುಗಿ, “ನವಮಿ. ಸ್ವಾತಿ ನಕ್ಷತ್ರ” ಅಂದರು.

“ತಿಥಿ ಕೇಳಲಿಲ್ಲ. ತಿಥಿ ನಿಮಗೆ ಕಣ್ಣು ಮುಚ್ಚಿದರೂ ಗೊತ್ತು. ತಾರೀಖು ಕೇಳಿದೆ.”

ಇವರು ಗೋಡೆಯ ಕಡೆಗೇ ನೋಡುತ್ತಾ ಕೂತರು. ವೋಲ್ಟೇಜಿನ ಮಾತು ಬರುತ್ತದೆಂದು ನಾನು ಕಾದೆ, ಬರಲಿಲ್ಲ.

ತಾಂಬರದವರು ಡಬ್ಬಿಯನ್ನು ಮೇಜಿನ ಮೇಲಿಟ್ಟು ಕೂತರು. “ಕೋಯಮತ್ತೂರಿನಿಂದ ಬಂದ ಒಬ್ಬರು ಕಾರ್ಡ್ ಓದಿದರು. ಭೂತಗನ್ನಡಿ ಇಟ್ಟು ನೋಡಿದರು. ಪಕ್ಕದವರನ್ನ ಕರೆದರು. ಪಕ್ಕದವರು ಅವರ ಪಕ್ಕದವರನ್ನ ಕರೆದರು. ಕ್ಯೂ ನಿಂತಿತು ರಾಯರೇ, ದರ್ಶನಕ್ಕೆ ನಿಂತ ಹಾಗೆ. ‘ಇದರಲ್ಲಿ ಮುಖ ಎಲ್ಲಿದೆ ಸಾರ್’ ಅಂತ ಒಬ್ಬೊಬ್ಬರೂ ಕೇಳ್ತಾರೆ. ನಾನು ಏನು ಹೇಳಲಿ? ನನಗೂ ಕಂಡಿರಲಿಲ್ಲ. ರಾಯರು ಇದೆ ಅಂದಮೇಲೆ ಇರಬೇಕು, ನನ್ನ ಕಣ್ಣೇ ಸರಿ ಇಲ್ಲ ಅಂತ ಹೋಗಿ ಹೊಸ ಕನ್ನಡಕ ಮಾಡಿಸಿಕೊಂಡೆ.” ಕನ್ನಡಕ ತೆಗೆದು ತೋರಿಸಿದರು. ಹೊಸದೇ.

ಆಮೇಲೆ ನನ್ನ ಕಡೆ ತಿರುಗಿದರು. “ಅತ್ತಿಗೆ, ನೀವಾ ನೋಡಿದ್ದು?”

“ಹೌದು.”

“ಮುಖ ಇದೆ ಅಂದಿರಾ?”

“ಇದೆಯಲ್ಲ.”

“ಎಲ್ಲಿದೆ?”

“ಕತ್ತಿನ ಮೇಲೆ” ಅಂದೆ.

ಅವರು ಹೊಸ ಕನ್ನಡಕವನ್ನು ಮತ್ತೆ ಹಾಕಿಕೊಂಡರು. “ಅತ್ತಿಗೆ, ಪೂಜೇಲಿ ಅದು ದೇವರು. ಭೂತಗನ್ನಡಿ ಕೆಳಗೆ ಅದು ಲೋಹ.”

“ಯಾವಾಗ ಬದಲಾಗುತ್ತೆ?” ಅಂತ ಕೇಳಿದೆ. ನಾನು ತಿಳಿದುಕೊಳ್ಳಲೆಂದೇ ಕೇಳಿದ್ದು. ಅವರು ಕಾಫಿ ಇದೆಯೇ ಅಂದರು.

ನಾನು ಕಾಫಿ ಬೆರೆಸುತ್ತಿದ್ದಾಗ ಹಾಲಿನಲ್ಲಿ ಇವರು ಎಲ್ಲವನ್ನೂ ಹೇಳುತ್ತಿದ್ದುದು ಕೇಳಿಸಿತು. ಡಾಕ್ಟರು, ತಲೆಸ್ನಾನ, ಸಾಲಿಗ್ರಾಮ, ಹಾಸ್ಟೆಲ್ಲು. ನನಗೆ ಒಂದು ವರ್ಷದಲ್ಲಿ ಹೇಳದ ಮಾತನ್ನು ಅವರಿಗೆ ಒಂದು ಲೋಟ ಕಾಫಿ ಬರುವುದರೊಳಗೆ ಹೇಳಿದರು. ನಾನು ನಿಧಾನವಾಗಿಯೇ ಬೆರೆಸಿದೆ.

“ಇಷ್ಟೇನಾ?” ಅಂದರು ತಾಂಬರದವರು. “ಪೂಜೆಗೆ ನಾನು ಬರ್ತೀನಿ. ನಮ್ಮ ಮನೆ ಪೂಜೆ ಮುಗಿಸಿ ಟ್ರೈನ್ ಹತ್ತಿದರೆ ಆಯಿತು.”

“ಟ್ರೈನಿನಲ್ಲಿ ಹತ್ತು ಜನ ಮುಟ್ಟಿರ್ತಾರೆ. ಮಡಿ ಹೇಗಾಗುತ್ತೆ?”

“ಇಲ್ಲಿ ಬಂದು ಇನ್ನೊಂದು ಸಲ ಸ್ನಾನ ಮಾಡ್ತೀನಿ.”

“ಲಾರಿ ನೀರು ದಿನ ಬಿಟ್ಟು ದಿನ ಬರೋದು.”

“ಒಂದು ಬಿಂದಿಗೆ ಸಾಕು. ನಾನೇನು ಆನೆಯೇ?”

“ನಿಮ್ಮ ಮಡಿ ಪಂಚೆ?”

“ನಿಮ್ಮ ಮನೆ ಕೋಲಿನ ಮೇಲೆ ಒಣಗಲಿ. ಅತ್ತಿಗೆ ಎತ್ತಿ ಹಾಕ್ತಾರೆ.”

ಇವರಿಗೆ ಇನ್ನೊಂದು ಆಕ್ಷೇಪ ಹೊಳೆಯಲಿಲ್ಲ. ನಾನು ಅವರ ಮುಖ ನೋಡಿದೆ, ಹುಡುಕುತ್ತಿದ್ದರು.

“ಆದರೆ ಒಂದು ಮಾತು” ಅಂದರು ತಾಂಬರದವರು. “ನಾಳೆ ಬೆಳಿಗ್ಗೆ ನೀವೇ ಬಂದು ಆ ಕಾರ್ಡ್ ತೆಗೀಬೇಕು. ನಾನು ತೆಗೆದರೆ ರಾಯರಿಗೆ ದರ್ಜೆ ಹೇಳೋಕೆ ಬರೋದಿಲ್ಲ ಅಂತ ಆಗುತ್ತೆ. ಬರುತ್ತೆ, ಕಣ್ಣು ಕಾಣಿಸಲ್ಲ, ಅಷ್ಟೇ. ಎರಡಕ್ಕೂ ವ್ಯತ್ಯಾಸ ಇದೆ, ಅದನ್ನ ನೀವೇ ಹೇಳಬೇಕು.”

ಹೇಳಿದರೆ ಆ ಕುರ್ಚಿ ಹೋಗುತ್ತದೆ ಅಂತ ಮೂವರಿಗೂ ಗೊತ್ತಿತ್ತು. ಭಾನುವಾರದ ಚಪ್ಪಲಿಗಳೂ ಹೋಗಬಹುದು. ಇವರು ಕಾಫಿ ಕುಡಿದು ಮುಗಿಸಿ, ಎಷ್ಟು ಹೊತ್ತಿಗೆ ಬರಬೇಕು ಅಂದರು.

ಶನಿವಾರ ಬೆಳಿಗ್ಗೆ ಪೂಜೆ ಮುಗಿಸಿ ಹೊರಟೆವು. ರಸ್ತೆ ದಾಟುವಾಗ ಇವರು ನನ್ನ ಮುಂಗೈ ಹಿಡಿದುಕೊಂಡರು, ಜನರೆದುರಿಗೆ, ಮದುವೆಯ ದಿನ ಬಿಟ್ಟರೆ ಅದೇ ಮೊದಲು. ಮಂಟಪದಲ್ಲಿ ವಧೂವರರನ್ನು ಕೂರಿಸುವ ವೇದಿಕೆಯ ಮೇಲೆ ಗಾಜಿನ ಪೆಟ್ಟಿಗೆಗಳಿದ್ದವು. ಸಂಘದವರೆಲ್ಲ ಸೇರಿದ್ದರು. ಇವರು ಕಾರ್ಡನ್ನು ತೆಗೆದು ಜೇಬಿಗೆ ಹಾಕಿಕೊಂಡು ತಮಿಳಿನಲ್ಲಿ ಹೇಳಿದರು: “ಈ ದರ್ಜೆ ತಪ್ಪು. ನನಗೆ ಕಣ್ಣು ಕಾಣಿಸುತ್ತಿಲ್ಲ. ಒಂದು ವರ್ಷದಿಂದ ನಾಣ್ಯ ನೋಡಿದ್ದು ನನ್ನ ಹೆಂಡತಿ. ದರ್ಜೆ ಹೇಳಿದ್ದು ನಾನು.”

ನಾನು ಸೆರಗು ಹೊದ್ದು ನಿಂತಿದ್ದೆ. ಎಲ್ಲರೂ ನನ್ನನ್ನು ನೋಡಿದರು, ಭೂತಗನ್ನಡಿ ಇಲ್ಲದೆ. ಕೊನೆಗೆ ಹಿಂದಿನಿಂದ ಒಬ್ಬರು, “ಹಾಗಾದರೆ ನನ್ನ ರಾಣಿ ರೂಪಾಯಿ?” ಅಂದರು ಗಾಬರಿಯಿಂದ.

“ಅದು ಚೆನ್ನಾಗಿತ್ತಪ್ಪ” ಅಂದೆ. “ಗಲ್ಲದ ಹತ್ತಿರ ಮಾತ್ರ ಒಂದು ಗೀರು.”

ಅವರಿಗೆ ಸಮಾಧಾನವಾಯಿತೋ ಇಲ್ಲವೋ ತಿಳಿಯಲಿಲ್ಲ.

ಭಾನುವಾರ ತೀರ್ಪುಗಾರರ ಕುರ್ಚಿಯಲ್ಲಿ ಕೋಯಮತ್ತೂರಿನವರು ಕೂತರಂತೆ. ನಾವು ಹೋಗಲಿಲ್ಲ. ನಮ್ಮ ಬಾಗಿಲ ಮುಂದೆ ಆ ದಿನ ನಮ್ಮ ಮೂವರ ಚಪ್ಪಲಿ ಬಿಟ್ಟರೆ ಬೇರೆ ಇರಲಿಲ್ಲ. ಇವರು ಅಡಿಗೆಮನೆಯ ಬಾಗಿಲವರೆಗೆ ಬಂದರು, ಡಬ್ಬಿಗಳ ಕಡೆ ನೋಡಿದರು, ಏನೂ ಹೇಳದೆ ಹಿಂತಿರುಗಿದರು. ಸಾಸಿವೆ ಕಂಡಿರಲಿಕ್ಕಿಲ್ಲ. ಅವರು ದರ್ಜೆ ಹೇಳಿದ್ದರೆ ನನಗೆ ಎಷ್ಟೋ ನೆಮ್ಮದಿಯಾಗುತ್ತಿತ್ತು.

ಆಪರೇಷನ್ ಸುಸೂತ್ರವಾಗಿ ಆಯಿತು. ಬಲಗಣ್ಣಿಗೆ ಹಸಿರು ಬಟ್ಟೆ ಕಟ್ಟಿ ಕಳಿಸಿದರು. ಆಗಲೇ ಚಾತುರ್ಮಾಸ್ಯ ಶುರುವಾಗಿತ್ತು; ಮೊದಲ ತಿಂಗಳು ತರಕಾರಿ ಇಲ್ಲ, ಎರಡನೆಯ ತಿಂಗಳು ಮೊಸರಿಲ್ಲ. ವ್ರತದ ಅಡಿಗೆ ಕಣ್ಣಿಗೆ ಒಳ್ಳೆಯದು ಅಂತ ಡಾಕ್ಟರು ಹೇಳಲಿಲ್ಲ, ಕೆಟ್ಟದ್ದು ಅಂತಲೂ ಹೇಳಲಿಲ್ಲ. ಅದೇ ದೊಡ್ಡದು. ತಾಂಬರದವರು ಹೇಳಿದ ಮಾತಿಗೆ ತಪ್ಪಲಿಲ್ಲ. ಹಾಲಿನ ಪ್ಯಾಕೆಟ್ ಬಂದು ಸ್ವಲ್ಪ ಹೊತ್ತಿಗೆ ಮೆಟ್ಟಿಲ ಮೇಲೆ ಅವರ ಕೆಮ್ಮು ಕೇಳಿಸುವುದು. ಒಂದು ಬಿಂದಿಗೆ ನೀರಿನಲ್ಲಿ ಸ್ನಾನ, ಮಡಿ ಪಂಚೆ, ಪೂಜೆ. ನಮ್ಮ ಮನೆಯವರು ದೇವರಮನೆಯ ಹೊಸ್ತಿಲಾಚೆ ಕುರ್ಚಿ ಹಾಕಿಕೊಂಡು ಕಪ್ಪು ಕನ್ನಡಕದಲ್ಲಿ ಕೂರುತ್ತಿದ್ದರು.

“ಒಂದು ಮಂತ್ರ ಬಿಟ್ಟಿರಿ” ಅನ್ನುವರು.

“ಬಿಡಲಿಲ್ಲ, ಮನಸ್ಸಿನಲ್ಲಿ ಹೇಳಿದೆ.”

“ಮನಸ್ಸಿನಲ್ಲಿ ಹೇಳಿದರೆ ನನಗೆ ಕೇಳಿಸೋದಿಲ್ಲ.”

“ನಿಮಗೆ ಹೇಳಲಿಲ್ಲ ರಾಯರೇ, ಆತನಿಗೆ ಹೇಳಿದೆ.”

ಯಾಕೆ ಇಷ್ಟು ಕಷ್ಟಪಡುತ್ತೀರಿ ಅಂತ ನಾನು ಒಂದು ದಿನ ಕೇಳಿದೆ. ಅವರ ಮನೆಯ ನಾಣ್ಯಕ್ಕೆ ನಾಲ್ಕು ಜನರೆದುರು ಆದ ಮಾನಭಂಗಕ್ಕೆ ಅವರು ನಮ್ಮ ಮನೆಯ ಮೆಟ್ಟಿಲನ್ನೇ ಹತ್ತದೆ ಇರಬಹುದಿತ್ತು. “ರೈಲ್ವೆಯಲ್ಲಿದ್ದ ದೇಹ ಅತ್ತಿಗೆ, ದಿನಾ ಟ್ರೈನ್ ಹತ್ತದಿದ್ದರೆ ಮಂಡಿ ಹಿಡ್ಕೊಳ್ಳುತ್ತೆ” ಅಂದರು. ಮಂಡಿಗೆ ಒಳ್ಳೆಯದಾಯಿತೋ ಏನೋ, ನಮ್ಮ ಮನೆಯಲ್ಲಿ ಒಂದು ದಿನವೂ ನೈವೇದ್ಯ ತಪ್ಪಲಿಲ್ಲ, ನಾವು ಮೂವರೂ ಹೊತ್ತಿಗೆ ಸರಿಯಾಗಿ ಉಂಡೆವು.

ಡಾಕ್ಟರು ಭೂತಗನ್ನಡಿ ಮುಟ್ಟಬಹುದು ಅಂದ ಸುದ್ದಿ ಹೇಗೋ ಹರಡಿತು. ಆ ಭಾನುವಾರ ಚಪ್ಪಲಿಗಳು ಬಂದವು, ಮೊದಲಿಗಿಂತ ಜಾಸ್ತಿ. ಪ್ರೀತಿಯಿಂದ ಬಂದದ್ದಲ್ಲ. ವರ್ಷದಿಂದ ನಾನು ನೋಡಿದ ನಾಣ್ಯಗಳನ್ನೆಲ್ಲ ಮತ್ತೆ ತಂದಿದ್ದರು, ಸರಿ ಇದೆಯೇ ಅಂತ ನೋಡಿಸಲು. ಇವರು ಬಿಸಿಲಿಗೆ ಕಾಯಲಿಲ್ಲ. ಒಂದೊಂದನ್ನೇ ಎತ್ತಿ, ಹೊಸ ಕಣ್ಣಿಗೆ ಹಿಡಿದು, ನೋಡಿ ಇಟ್ಟರು. ದೊರೆಗಳು ಯಾರೂ ಕದಲಲಿಲ್ಲ, ರಾಣಿಯೂ ಅಷ್ಟೇ. ಇಳಿದವೆಲ್ಲ ದೇವರಿದ್ದ ನಾಣ್ಯಗಳು. ಉಮಾಮಹೇಶ್ವರರು ಒಂದು ದರ್ಜೆ ಇಳಿದರು, ನರಸಿಂಹ ಒಂದು, ಪಟ್ಟಾಭಿಷೇಕದ ರಾಮದೇವರು ಪರಿವಾರ ಸಮೇತ ಎರಡು. ಪ್ರತಿ ಸಲ ಇವರು ಅಡಿಗೆಮನೆಯ ಕಡೆ ಒಮ್ಮೆ ನೋಡುತ್ತಿದ್ದರು. ನಾನು ಬೇಳೆ ಆರಿಸುತ್ತಿದ್ದೆ.

ಕೊನೆಗೆ ತಾಂಬರದವರು ತಮ್ಮ ಡಬ್ಬಿ ತೆರೆದರು. ಇವರು ಎಲ್ಲಕ್ಕಿಂತ ಹೆಚ್ಚು ಹೊತ್ತು ಅದನ್ನು ನೋಡಿದರು. ಮೆಲ್ಲಗೆ ಏನೋ ಅಂದುಕೊಂಡರು, ತುಟಿ ಅಲುಗಿತು. ಅಪರಾಧ ಕ್ಷಮಾಪಣೆಯ ಶ್ಲೋಕವೆಂದು ನನ್ನ ಊಹೆ. ಆಮೇಲೆ ಗಟ್ಟಿಯಾಗಿ, “ಫೈನ್” ಅಂದರು.

“ಬರೀ ಫೈನಾ?”

“ಬರೀ ಫೈನ್.”

“ಸರಿ” ಅಂದು ತಾಂಬರದವರು ಡಬ್ಬಿ ಮುಚ್ಚಿದರು. ಬಂದವರಲ್ಲಿ ಸಂಘದ ಕಾರ್ಯದರ್ಶಿಯೂ ಇದ್ದರು. ಗೆಳೆಯನ ನಾಣ್ಯವನ್ನೂ ಇವರು ಹೀಗೆ ಇಳಿಸಿದ್ದನ್ನು ನೋಡಿ ಅವರು, ಮುಂದಿನ ಆಡಿಗೆ ಕುರ್ಚಿಯಲ್ಲಿ ನೀವೇ ಕೂರಬೇಕು ಸಾರ್ ಅಂದರು.

ಇವರು ಭೂತಗನ್ನಡಿಯನ್ನು ಪಂಚೆಯ ತುದಿಯಿಂದ ಒರೆಸಿದರು. “ಎಡಗಣ್ಣೂ ಆಗಲಿ. ಆಮೇಲೆ ಕೂರ್ತೀನಿ” ಅಂದರು. ತಾಂಬರದವರ ಕಡೆ ತಿರುಗಿ, “ಚಾತುರ್ಮಾಸ್ಯ ಮುಗಿದ ಮೇಲೆ ಮಾಡಿಸ್ತೀನಿ. ಇನ್ನೊಂದು ತಿಂಗಳು ನೀವು ಬರಬೇಕಾಗುತ್ತೆ” ಅಂದರು. ನಾನೂ ಮಗಳೂ ಡಾಕ್ಟರೂ ಸೇರಿ ಹೇಳಿ ಆಗದ ಮಾತು.

“ಬರ್ತೀನಿ, ಅದಕ್ಕೇನು” ಅಂದರು ತಾಂಬರದವರು. “ಅತ್ತಿಗೆಗೆ ಮಾತ್ರ ಹೇಳಿ, ಕಾಫಿಪುಡಿಗೆ ಚಿಕರಿ ಸ್ವಲ್ಪ ಕಡಿಮೆ ಮಾಡಲಿ.”

ಅದು ಕ್ಷೀರವ್ರತದ ತಿಂಗಳು, ಮನೆಯಲ್ಲಿ ಹಾಲು ಕೂಡದು, ಬರೀ ಡಿಕಾಕ್ಷನ್ನು. ಹಾಲಿಲ್ಲದ ಕಾಫಿಯಲ್ಲಿ ಏನನ್ನೂ ಮುಚ್ಚಿಡುವುದಕ್ಕಾಗುವುದಿಲ್ಲ. ಮರುದಿನವೇ ಅಂಗಡಿಗೆ ಹೋಗಿ ಚಿಕರಿ ಹಾಕದ ಪುಡಿ ಬೀಸಿಸಿಕೊಂಡು ಬಂದೆ.